ಬಲಗಡೆಯ ಕಂಬ

ಅಂಕಾರಾ
೨೦ ಫೆಬ್ರವರಿ ೧೯೬೫

ಗೌರವಾನ್ವಿತ ಬೆಹ್ಚೆತ್ ಅಣ್ಣನವರಿಗೆ,

ಹಬ್ಬಕ್ಕೆ ಬರಲಾಗಲಿಲ್ಲ. ಕಚೇರಿಯಲ್ಲಿ ಕೆಲಸವಿತ್ತು. ಅತ್ತಿಗೆ ಅಂಚೆಯಲ್ಲಿ ಕಳುಹಿಸಿದ ಹಲ್ವಾ ತಲುಪಿದೆ. ಡಬ್ಬಿಯ ಒಂದು ಮೂಲೆ ಜಜ್ಜಿತ್ತು, ಒಳಗಿನದು ಸರಿಯಾಗಿತ್ತು.

ಒಂದು ವಿಷಯ ತಿಳಿಯಬೇಕಾಗಿದೆ. ನಮ್ಮ ಮಸೀದಿಯ ಮಿಹ್ರಾಬ್ ಗೂಡಿನ ಎರಡು ಬದಿಗಿರುವ ಹಸಿರು ಕಲ್ಲಿನ ತಕ್ಕಡಿಕಂಬಗಳ ಪೈಕಿ ಬಲಗಡೆಯದು ಈಗ ಹೇಗೆ ತಿರುಗುತ್ತದೆ? ಗೋಡೆ ನೆಟ್ಟಗಿರುವವರೆಗೆ ಕಂಬ ತಿರುಗುತ್ತದೆ, ಗೋಡೆ ಕದಲಿದ ದಿನ ಹಿಡಿದುಕೊಳ್ಳುತ್ತದೆ ಎಂದು ಅಪ್ಪ ಹೇಳುತ್ತಿದ್ದುದು ನಿಮಗೆ ನೆನಪಿರಬಹುದು. ದಯವಿಟ್ಟು ಬೆಳಿಗ್ಗೆ, ಒಲೆ ಹಚ್ಚುವ ಮುನ್ನ, ಒಳಗಿನ ಗಾಳಿ ತಣ್ಣಗಿರುವಾಗ ನೋಡಿ. ಅಂಗೈಯಿಂದ ಬೇಡ, ಬೆರಳುಗಳಿಂದ, ಪೂರ್ತಿ ಒಂದು ಸುತ್ತು. ಎಷ್ಟು ಬೆರಳು ಬೇಕಾಯಿತು, ಎಲ್ಲಿಯಾದರೂ ತಡೆಯಿತೇ, ಸದ್ದು ಬಂತೇ ಎಂಬುದನ್ನು ತಿಳಿಸಿ. ಎಡಗಡೆಯದನ್ನೂ ಹಾಗೆಯೇ.

ವಿಶೇಷ ಕಾರಣವೇನಿಲ್ಲ. ತಾಂತ್ರಿಕ ಕುತೂಹಲ ಎಂದುಕೊಳ್ಳಿ. ಉತ್ತರ ಮಾರ್ಚ್ ಐದರೊಳಗೆ ತಲುಪಿದರೆ ಅನುಕೂಲ.

ನಿಮ್ಮ ಕೈಗಳಿಗೆ ಮುತ್ತಿಡುತ್ತಾ,
ನುಸ್ರತ್


ದೆರೆಬಾಶಿ
೨೭ ಫೆಬ್ರವರಿ ೧೯೬೫

ನನ್ನ ಕಣ್ಣಿನ ಬೆಳಕು ನುಸ್ರತ್‌ಗೆ,

ನಿನ್ನ ಕಾಗದವನ್ನು ನಾಜಿರೆಗೆ ಗಟ್ಟಿಯಾಗಿ ಓದಿ ಹೇಳಿದೆ. ನಿನ್ನ ಅತ್ತಿಗೆ ಹಿಟ್ಟಿನ ಕೈಯನ್ನು ಸೊಂಟಕ್ಕೆ ಇಟ್ಟುಕೊಂಡು, "ಕಂಬ ಹೇಗಿದೆ ಅಂತ ಕೇಳ್ತಾನೆ, ಅಣ್ಣನ ಮಂಡಿ ಹೇಗಿದೆ ಅಂತ ಕೇಳಲ್ಲ. ನಿನ್ನ ತಮ್ಮನಿಗೆ ಹೆಣ್ಣು ಹುಡುಕಿದ್ದೇ ತಪ್ಪು, ಯಾವುದಾದ್ರೂ ಕಲ್ಲು ತಂದು ಮದ್ವೆ ಮಾಡಿಸಬೇಕಿತ್ತು" ಎಂದಳು. ಆರು ವರ್ಷದಿಂದ ಪ್ರತಿ ಹಬ್ಬಕ್ಕೂ ನಿನಗೊಂದು ತಟ್ಟೆ ಇಡುತ್ತಾಳೆ. ಊಟ ಮುಗಿದ ಮೇಲೆ ಅದನ್ನು ತೊಳೆಯದೇ ಎತ್ತಿಡುತ್ತಾಳೆ.

ನೀನು ಹೇಳಿದ ಹಾಗೆಯೇ ನೋಡಿದೆ. ಬಲಗಡೆಯ ಕಂಬ ಎರಡೇ ಬೆರಳಿಗೆ ತಿರುಗುತ್ತದೆ, ಬೆಣ್ಣೆಯ ಹಾಗೆ. ಸದ್ದಿಲ್ಲ, ತಡೆಯಿಲ್ಲ. ಎಡಗಡೆಯದು ಕೊಂಚ ಒರಟು, ಅದಕ್ಕೆ ಮೂರು ಬೆರಳು ಬೇಕು. ಕಳೆದ ವಾರ ಮದುವೆಯ ಶುಭಕ್ಕೆ ಕಂಬ ತಿರುಗಿಸಲು ಹೊಸ ಜೋಡಿಯೊಂದು ಬಂದಿತ್ತು. ಹುಡುಗಿ ಬಲಗಡೆಯದನ್ನು ತಿರುಗಿಸಿ ಎಷ್ಟು ನಕ್ಕಳೆಂದರೆ ಅವಳ ಅತ್ತೆ, "ಮಸೀದಿ ಕಣೇ, ಆಟದ ಮೈದಾನ ಅಲ್ಲ" ಎಂದು ಗದರಬೇಕಾಯಿತು. ಗುಲ್‌ದೆಸ್ತೆ ಹಾತೂನ್ ಈ ಮಸೀದಿಯನ್ನು ಕಟ್ಟಿಸಿ ನಾನೂರು ವರ್ಷವಾಯಿತು. ಅದರಲ್ಲಿ ನೂರು ವರ್ಷ ಆ ಕಂಬ ನಮ್ಮ ಮನೆಯವರ ಕೈಯಲ್ಲೇ ತಿರುಗಿದೆ.

ಒಂದು ಮಾತು ಕೇಳಲೇ? ನನಗೀಗ ಅರವತ್ತೆರಡು. ಮೇಲಿನ ಕಚೇರಿಯವರು ನನ್ನ ಬಗ್ಗೆ ನಿನ್ನ ಹತ್ತಿರ ಏನಾದರೂ ಮಾತಾಡಿದರೇ? ಬೇರೆ ಪಾಲಕನನ್ನು ಹಾಕುವ ಯೋಚನೆ ಇದ್ದರೆ ನನ್ನಿಂದ ಮುಚ್ಚಿಡಬೇಡ.

ನಿನ್ನ ಎರಡೂ ಕಣ್ಣುಗಳಿಗೆ ಮುತ್ತು,
ಬೆಹ್ಚೆತ್


ಅಂಕಾರಾ
೬ ಮಾರ್ಚ್ ೧೯೬೫

ಗೌರವಾನ್ವಿತ ಅಣ್ಣನವರಿಗೆ,

ನಿಮ್ಮ ಉತ್ತರ ಮೂರನೇ ತಾರೀಖು ತಲುಪಿತು. ಸಾಕಷ್ಟು ಸ್ಪಷ್ಟವಾಗಿದೆ. ಈ ವಿಷಯದಲ್ಲಿ ಇನ್ನು ತೊಂದರೆ ಕೊಡುವುದಿಲ್ಲ.

ಮಂಡಿಗೆ ದಿನಕ್ಕೆರಡು ಸಲ ಬಿಸಿನೀರಿನ ಶಾಖ ಕೊಡಿ.

ನಿಮ್ಮ ಕೈಗಳಿಗೆ ಮುತ್ತಿಡುತ್ತಾ,
ನುಸ್ರತ್


ದೆರೆಬಾಶಿ
೧೧ ಸೆಪ್ಟೆಂಬರ್ ೧೯೬೫

ನುಸ್ರತ್‌ಗೆ,

ಆರು ತಿಂಗಳಿಂದ ನಿನ್ನ ಸುದ್ದಿಯಿಲ್ಲ. ನಾನೂ ಬರೆಯಲಿಲ್ಲ. ಈಗ ಬರೆಯಲೇಬೇಕಾಗಿದೆ.

ಮಸೀದಿಯಲ್ಲಿ ಮಿಹ್ರಾಬಿರುವ ಕಿಬ್ಲಾ ಗೋಡೆಯ ಹಿಂದೆ ಹಿಪ್ಪುನೇರಳೆ ಮರಗಳಿದ್ದ ಜಾಗ ನಿನಗೆ ಗೊತ್ತು. ಮರಗಳಿಲ್ಲ. ವರ್ತಕರ ಸಂಘದವರು ಅಲ್ಲಿ ಮೂರು ಅಂತಸ್ತಿನ ಅಂಗಡಿ ಕಟ್ಟಡ ಕಟ್ಟಿಸುತ್ತಿದ್ದಾರೆ. ನೆಲದ ಕೆಳಗೂ ಎರಡು ಅಂತಸ್ತಂತೆ. ಬೇಸಿಗೆಯಿಂದ ಅಗೆಯುತ್ತಿದ್ದಾರೆ. ಮುಅಜ್ಜಿನ್ ನಾನೇ, ಬಾಂಗ್ ಕೊಡಲು ನಿಂತರೆ ಯಂತ್ರದ ಸದ್ದಿಗೆ ನನ್ನ ಧ್ವನಿ ನನಗೇ ಕೇಳಿಸುವುದಿಲ್ಲ. ಗುತ್ತಿಗೆದಾರ ಫೆರ್ರುಹ್ ಬೇ ಎಂಬವನು. ಅವನ ಹತ್ತಿರ ಹೋಗಿ ಜಗಳವಾಡಿದೆ.

"ಬೆಹ್ಚೆತ್ ಎಫೆಂದಿ, ನಿಮ್ಮ ಮಸೀದಿ ನಾನೂರು ವರ್ಷ ನಿಂತಿದೆ. ನಾನು ನಾಲ್ಕು ತಿಂಗಳು ಅಗೆದ್ರೆ ಬೀಳುತ್ತಾ?" ಎಂದ.

"ನಾನೂರು ವರ್ಷ ಯಾರೂ ಅದರ ಬುಡ ಅಗೀಲಿಲ್ಲ. ಅದಕ್ಕೇ ನಿಂತಿದೆ ಕಣಯ್ಯಾ!"

"ಅಂಕಾರಾದಿಂದ ಕಾಗದ ಬಂದಿದೆ. ಸಹಿ, ಮೊಹರು, ಎಲ್ಲಾ ಇದೆ. ನಿಮಗೆ ಅಂಕಾರಾಕ್ಕಿಂತ ಜಾಸ್ತಿ ಗೊತ್ತಾ?"

"ಯಾವ ಕತ್ತೆ ಹಾಕ್ತು ಸಹಿ?"

"ಕತ್ತೆಗಳು ಸಹಿ ಹಾಕಲ್ಲ ಎಫೆಂದಿ. ಇಂಜಿನಿಯರುಗಳು ಹಾಕ್ತಾರೆ" ಎಂದು ಹಲ್ಲು ಕಿರಿದ. ಅವನ ಕೂಲಿಯವರೂ ನಕ್ಕರು.

ಮಿಹ್ರಾಬಿನ ಬಲಕ್ಕಿರುವ ಎರಡನೇ ಕಿಟಕಿಯ ಮೇಲೆ ಬಿರುಕು ಬಂದಿದೆ. ಬಾರ್ಲಿಕಾಳು ಹಿಡಿಸುವಷ್ಟು. ನೀನು ಅಂಕಾರಾದಲ್ಲೇ ಇರುವವನು. ಇಂಥ ಕಾಗದಗಳು ಓಡಾಡುವ ಕಚೇರಿಯಲ್ಲೇ ಕೆಲಸ. ಆ ಕತ್ತೆ ಯಾರೆಂದು ಪತ್ತೆಹಚ್ಚಿ ನನಗೆ ಹೆಸರು ಬರೆದು ಕಳುಹಿಸು.

ಕಣ್ಣುಗಳಿಗೆ ಮುತ್ತು,
ಬೆಹ್ಚೆತ್


ಅಂಕಾರಾ
೧೮ ಸೆಪ್ಟೆಂಬರ್ ೧೯೬೫

ಗೌರವಾನ್ವಿತ ಅಣ್ಣನವರಿಗೆ,

ಬಿರುಕನ್ನು ಬಾರ್ಲಿಕಾಳಿನಿಂದ ಅಳೆಯುವುದಿಲ್ಲ. ಕಿಟಕಿಗೆ ಹಾಕುವ ತೆಳುಗಾಜನ್ನು ಒಂದು ಬೆರಳಗಲ, ಒಂದು ಗೇಣುದ್ದ ಕತ್ತರಿಸಿ, ಬಿರುಕಿಗೆ ಅಡ್ಡಲಾಗಿಟ್ಟು, ಎರಡೂ ತುದಿಗಳನ್ನು ಜಿಪ್ಸಮ್ಮಿನಿಂದ ಗೋಡೆಗೆ ಕೂರಿಸಿ. ಪಕ್ಕದಲ್ಲಿ ತಾರೀಖು ಬರೆಯಿರಿ. ಗೋಡೆ ಚಲಿಸುತ್ತಿದ್ದರೆ ಗಾಜು ಒಡೆಯುತ್ತದೆ, ಇಲ್ಲವಾದರೆ ಇಲ್ಲ.

ಬಲಗಡೆಯ ಕಂಬ ತಿರುಗುತ್ತಿದೆಯೇ? ತಿರುಗುತ್ತಿದ್ದರೆ ಆ ಬಿರುಕು ಹಳೆಯ ಗಾರೆಯದಷ್ಟೇ, ಗೋಡೆಯದಲ್ಲ. ಅಳೆಯದೆ ಗಾಬರಿಯಾಗುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಊರಿನಲ್ಲಿ ಅದನ್ನು ಹರಡುವುದರಿಂದಂತೂ ಖಂಡಿತ ಇಲ್ಲ.

ಸಹಿ ಮಾಡಿದವರ ಹೆಸರು ಸದ್ಯಕ್ಕೆ ಪ್ರಸ್ತುತವಲ್ಲ.

ನುಸ್ರತ್


ದೆರೆಬಾಶಿ
೨ ಅಕ್ಟೋಬರ್ ೧೯೬೫

ನುಸ್ರತ್,

ಮೊದಲ ಗಾಜು ಮೂರನೇ ದಿನ ಒಡೆಯಿತು. ಎರಡನೆಯದು ಎರಡನೇ ದಿನಕ್ಕೇ. ಮೂರನೆಯದನ್ನು ಹಾಕಲಿಲ್ಲ. ಗಾಜಿನ ಅಂಗಡಿಯವನು, "ಏನಪ್ಪಾ ಮುಅಜ್ಜಿನ್, ಗೋಡೆಗೆ ಕನ್ನಡಕ ಹಾಕಿಸ್ತಿದ್ದೀಯಾ?" ಎಂದು ನಗುತ್ತಾನೆ. ಮೊನ್ನೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಕರಬೂಜದ ಗಾತ್ರದ ಗಾರೆ ಜಮಖಾನೆಯ ಮೇಲೆ ಬಿತ್ತು. ಒಬ್ಬ ಮುದುಕ ಸಜ್ದಾದಿಂದ ಆಗಷ್ಟೇ ತಲೆ ಎತ್ತಿದ್ದ. ಒಂದು ಉಸಿರು ತಡವಾಗಿದ್ದರೆ ಅವನು ಏಳುತ್ತಲೇ ಇರಲಿಲ್ಲ.

ಕಂಬ ತಿರುಗುತ್ತದೆ. ಎಷ್ಟು ಸಲ ಕೇಳುತ್ತೀಯ? ತಿರುಗುತ್ತದೆ, ತಿರುಗುತ್ತದೆ, ತಿರುಗುತ್ತದೆ! ಅದೊಂದನ್ನು ಬಿಟ್ಟು ಬೇರೆ ಪ್ರಶ್ನೆಯೇ ಇಲ್ಲವೇ ನಿನಗೆ? ನಾನು ಅಳತೆ ತಿಳಿಯದವನು, ಗಾಬರಿ ಹರಡುವವನು. ಸರಿ. ಅಳತೆ ತಿಳಿದವನು ನೀನು ಬಾ. ಬಂದು ನಿನ್ನ ಕಣ್ಣಿನಿಂದ ನೋಡು.

ಬೆಹ್ಚೆತ್


ಅಂಕಾರಾ
೮ ಅಕ್ಟೋಬರ್ ೧೯೬೫

ಅಣ್ಣನವರಿಗೆ,

ಮೂರು ದಿನದಲ್ಲಿ ಒಡೆಯುವ ಗಾಜು, ಸರಾಗವಾಗಿ ತಿರುಗುವ ಕಂಬ. ಒಂದೇ ಗೋಡೆಯಲ್ಲಿ ಇವೆರಡೂ ನಿಜವಾಗಿರಲು ಸಾಧ್ಯವಿಲ್ಲ. ಮೂರು ಸಂಜೆ ಕೂತು ಲೆಕ್ಕ ಹಾಕಿದ್ದೇನೆ. ಗಾಜಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇಲ್ಲ.

ಒಂದು ಕೆಲಸ ಮಾಡಿ. ಕಂಬದ ಮೇಲ್ತುದಿ ಕಂಚಿನ ಬಳೆಯೊಳಗೆ ಕೂತಿರುತ್ತದೆ. ಬಳೆಗೂ ಕಲ್ಲಿಗೂ ನಡುವೆ ಸಿಗರೇಟು ಸುತ್ತುವ ಕಾಗದ ತೂರಿಸಿ ನೋಡಿ. ಕಟ್ಟಿದವರು ಬಿಟ್ಟ ಸಂದಿನಲ್ಲಿ ಒಂದು ಹಾಳೆ ಹೋಗಬೇಕು, ಎರಡನೆಯದು ಹೋಗಬಾರದು. ನಾನು ವಿದ್ಯಾರ್ಥಿಯಾಗಿದ್ದಾಗ ಅಪ್ಪನ ಎದುರೇ ಹಾಗೆ ಪರೀಕ್ಷಿಸಿದ್ದೆ. ಈಗ ಎಷ್ಟು ಹಾಳೆ ಹೋಗುತ್ತವೆ ಎಂಬ ಸಂಖ್ಯೆಯನ್ನು ಮಾತ್ರ ಬರೆಯಿರಿ. ಬೇರೇನೂ ಬೇಡ.

ನುಸ್ರತ್


ದೆರೆಬಾಶಿ
೧೭ ಅಕ್ಟೋಬರ್ ೧೯೬೫

ನುಸ್ರತ್,

ಹನ್ನೊಂದು.

ಸಂಖ್ಯೆ ಮಾತ್ರ ಸಾಕೆಂದೆ. ಆದರೆ ನೀನು ಆಗಲೇ ತಿಳಿದುಕೊಂಡಿದ್ದೀಯ. ಉಳಿದದ್ದನ್ನು ನನ್ನ ಬಾಯಿಂದಲೇ ಕೇಳು.

ಮೂರು ವರ್ಷದ ಹಿಂದಿನ ಮಾತು, ೧೯೬೨ರ ಏಪ್ರಿಲ್. ಹಿಂದಿನ ಬೇಸಿಗೆಯಲ್ಲಿ ಕಿಬ್ಲಾ ಗೋಡೆಯ ಪಕ್ಕ ನೀರಿನ ಕೊಳವೆ ಹಾಕಿದ್ದರು. ಅದು ಚಳಿಗಾಲವಿಡೀ ಮಣ್ಣಿನೊಳಗೆ ಸೋರಿತ್ತು. ಒಂದು ಶುಕ್ರವಾರ ಎಂದಿನಂತೆ ಜುಮ್ಮಾಕ್ಕೆ ಮುನ್ನ ಬಲಗಡೆಯ ಕಂಬದ ಮೇಲೆ ಕೈಯಿಟ್ಟೆ. ಕದಲಲಿಲ್ಲ. ಎರಡೂ ಕೈ ಹಾಕಿದೆ. ಇಲ್ಲ. ಹಿಂದೆ ಸಾಕ್ಷಿಗೆ ಇಬ್ಬರು ಮುದುಕರು ನಿಂತಿದ್ದರು. ಒಬ್ಬನಿಗೆ ಕಣ್ಣು ಮಂಜು, ಇನ್ನೊಬ್ಬ ಬಾಗಿಲ ಕಡೆ ನೋಡುತ್ತಿದ್ದ. ಕಂಬದ ಮೇಲಿಟ್ಟ ಅಂಗೈಯನ್ನು ಸವರುತ್ತಾ ತೋಳನ್ನು ಸುತ್ತಿಸಿದೆ, ಕಂಬವೇ ತಿರುಗಿದ ಹಾಗೆ. ಶುಕ್ರವಾರದ ಪುಸ್ತಕದಲ್ಲಿ "ತಿರುಗಿತು" ಎಂದು ಬರೆದೆ. ಅಕ್ಷರ ಹಿಂದಿನ ವಾರದಷ್ಟೇ ದುಂಡಗೆ ಬಂತು. ಅದೇ ಇವತ್ತಿಗೂ ನನಗೆ ಆಶ್ಚರ್ಯ.

ಅಜ್ಜನ ಕಾಲದ ಭೂಕಂಪದಲ್ಲಿ ಕಂಬ ಹಿಡಿದುಕೊಂಡಾಗ ನನಗೆ ಒಂಬತ್ತು ವರ್ಷ. ಅಜ್ಜ ಎದ್ದು ನಿಂತು ಹೇಳಿದ. ಊರಿಗೆ ಊರೇ ಕಲ್ಲು ಹೊತ್ತು ತಂದು ಬುಡ ಕಟ್ಟಿತು. ನಾನು ಹೇಳಿದ್ದರೆ ಯಾರು ಕಲ್ಲು ತರುತ್ತಿದ್ದರು? ಬೀಗ ತರುತ್ತಿದ್ದರು. ಪಕ್ಕದ ಊರಿನ ಮುಅಜ್ಜಿನ್ ತನ್ನ ಮಸೀದಿಯ ಕಮಾನು ಬಿರಿದಿದೆ ಎಂದು ಪ್ರಾಮಾಣಿಕವಾಗಿ ಅರ್ಜಿ ಬರೆದ. ಬಂದವರು ಬಾಗಿಲು ಮುಚ್ಚಿಸಿ ಹೋದರು. ಈಗ ಅಲ್ಲಿ ಸೂರ್ಯಕಾಂತಿ ಬೀಜದ ಮೂಟೆ ಇಡುತ್ತಾರೆ. ನಾನು ಹೋಗಿ ನೋಡಿ ಬಂದಿದ್ದೇನೆ, ಮಿಹ್ರಾಬಿನೊಳಗೂ ಮೂಟೆ.

ಮರುದಿನ ಗೋರಿಕಲ್ಲು ಕೆತ್ತುವ ಹುರ್ಷಿತ್ ಮೇಸ್ತ್ರಿಯನ್ನು ಕರೆತಂದೆ. "ಎಷ್ಟು ತೆಗೀಲಿ?" ಎಂದ. "ತಿರುಗೋವಷ್ಟು" ಎಂದೆ. "ಉಗುರಿನಷ್ಟು ತೆಗೀತೀನಿ ಬಿಡಿ. ಆದ್ರೆ ಒಂದ್ಮಾತು ಎಫೆಂದಿ, ನಾನು ಕೈ ಹಾಕಿದ ಕಲ್ಲಿನ ಕೆಳಗಿದ್ದೋರು ಯಾರೂ ಇವತ್ತಿನವರೆಗೆ ಎದ್ದಿಲ್ಲ" ಎಂದು ನಕ್ಕ. ಬಳೆಯೊಳಗಿನ ತುದಿಯ ಕಲ್ಲು ಸವೆಸಿ, ಕುರಿಕೊಬ್ಬು ಹಚ್ಚಿದ. ಕಂಬ ತಿರುಗಿತು. ಮುಂದಿನ ಶುಕ್ರವಾರ ಜನ ಮಾಷಾಅಲ್ಲಾ ಎಂದರು.

ಈಗ ನೀನು ಹೇಳು. ಫೆಬ್ರವರಿಯಲ್ಲಿ ಯಾಕೆ ಕೇಳಿದೆ?

ಬೆಹ್ಚೆತ್


ಅಂಕಾರಾ
೨೩ ಅಕ್ಟೋಬರ್ ೧೯೬೫

ಅಣ್ಣನವರಿಗೆ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ನಾನೇ ತಪ್ಪು ಓದಿದೆನೆಂದುಕೊಂಡೆ.

ಆ ಕಂಬ ಅಲಂಕಾರವಲ್ಲ. ಮದುಮಕ್ಕಳ ಆಟಿಕೆಯಲ್ಲ. ನಮ್ಮ ಮನೆತನದ ಮಾನವೂ ಅಲ್ಲ. ಅದು ಒಂದು ಉಪಕರಣ. ಜ್ವರ ಬಂದವನ ಉಷ್ಣಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ತೆಗೆದು, ಇಳಿಯಿತು ಎಂದು ಮನೆಯವರಿಗೆ ತೋರಿಸಿದ ಕೆಲಸ ನಿಮ್ಮದು. ಅದನ್ನು ನೂರೈವತ್ತಕ್ಕೂ ಹೆಚ್ಚು ಶುಕ್ರವಾರ ತೋರಿಸಿದಿರಿ. ಪ್ರತಿ ಶುಕ್ರವಾರ ಒಂಬತ್ತು ಮೀಟರ್ ಅಗಲದ ಗುಮ್ಮಟದ ಕೆಳಗೆ ಇನ್ನೂರು ಜನರನ್ನು ಕೂರಿಸಿ ತೋರಿಸಿದಿರಿ.

ವಕ್ಫ್ ಪತ್ರವನ್ನು ನೀವೇ ನನಗೆ ಓದಲು ಕಲಿಸಿದ್ದು. ಹಿಜರಿ ೯೬೯ರ ಆ ಪತ್ರದ ಮಾತು ನಿಮಗೆ ಮರೆತಿದ್ದರೆ ಇಲ್ಲಿದೆ: "ಪಾಲಕನು ಪ್ರತಿ ಶುಕ್ರವಾರ ಇಬ್ಬರು ಸಾಕ್ಷಿಗಳೆದುರು ಎರಡೂ ಕಂಬಗಳನ್ನು ತಿರುಗಿಸತಕ್ಕದ್ದು. ತಿರುಗದಿದ್ದಲ್ಲಿ, ನಮಾಜಿಗೆ ಮೊದಲೇ, ಜಮಾತಿನೆದುರು ನಿಂತು ಗಟ್ಟಿಯಾಗಿ ಹೇಳತಕ್ಕದ್ದು. ಮುಚ್ಚಿಟ್ಟವನು ಈ ವಕ್ಫಿಗೆ ದ್ರೋಹ ಬಗೆದವನು." ಗುಲ್‌ದೆಸ್ತೆ ಹಾತೂನ್ ನನ್ನಂತೆ ಗಣಿತ ಕಲಿತವಳಲ್ಲ. ಆದರೆ ಕಲ್ಲನ್ನು ನಂಬಬಹುದು, ಪಾಲಕನಿಗೆ ಸಾಕ್ಷಿ ಬೇಕು ಎಂಬಷ್ಟು ಅವಳಿಗೆ ಗೊತ್ತಿತ್ತು. ನಾನೂರು ವರ್ಷದ ಪುಸ್ತಕಗಳಲ್ಲಿ ಮೂರು ಸಲ "ತಿರುಗಲಿಲ್ಲ" ಎಂದು ಬರೆದಿದೆ. ಆ ಮೂರು ಸಲ ಬರೆದವರಿಗೂ ಮಾನವಿತ್ತು, ಹೆಂಡತಿ ಮಕ್ಕಳಿದ್ದರು, ಕೆಲಸ ಹೋಗುವ ಭಯವಿತ್ತು. ಆ ಮೂರು ಪದಗಳಿಂದಲೇ ಮಸೀದಿ ನಿಂತಿದೆ. ನಾಲ್ಕನೆಯದು ನಿಮ್ಮ ಕೈಯಿಂದ ಬರಬೇಕಿತ್ತು.

ಬೀಗದ ಭಯವೆಂದಿರಿ. ಬೀಗ ಹಾಕಿದ ಮಸೀದಿಯ ಬಾಗಿಲನ್ನು ಮತ್ತೆ ತೆರೆಯಬಹುದು. ಕುಸಿದದ್ದನ್ನು ತೆರೆಯಲಾಗುವುದಿಲ್ಲ.

ಅಪ್ಪ ಬದುಕಿದ್ದರೆ ನಿಮ್ಮ ಮುಖ ನೋಡುತ್ತಿರಲಿಲ್ಲ.

ನುಸ್ರತ್ ಕಂದಿಲ್ಜಿ


ದೆರೆಬಾಶಿ
೩೦ ಅಕ್ಟೋಬರ್ ೧೯೬೫

ನುಸ್ರತ್ ಬೇ ಅವರಿಗೆ,

ನಿನ್ನ ಕಾಗದ ಬಂದ ದಿನವೇ ಹುರ್ಷಿತ್ ಮೇಸ್ತ್ರಿಯನ್ನು ಕರೆದುಕೊಂಡು ಫೆರ್ರುಹ್ ಬೇ ಬಳಿ ಹೋದೆ. ದ್ರೋಹ ಬಗೆದವನಲ್ಲವೇ ನಾನು, ಇನ್ನು ಮಾನವೇನು. ಅವನ ತಗಡಿನ ಶೆಡ್ಡಿನಲ್ಲಿ, ಅವನ ಕೂಲಿಗಳೆದುರು, ಕಂಬ ಕೊರೆಸಿದ್ದು ನಾನೇ ಎಂದು ಒಪ್ಪಿಕೊಂಡೆ. ಮಸೀದಿಯ ಬಲಗಡೆಯ ಮೂಲೆ ಕುಸಿಯುತ್ತಿದೆ, ಅಗೆತ ನಿಲ್ಲಿಸು ಎಂದು ಬೇಡಿದೆ. ಅವನು ಚಹಾ ಕುಡಿಯುತ್ತಾ ಪೂರ್ತಿ ಕೇಳಿದ. ಆಮೇಲೆ ಮೇಜಿನ ಸೆಳೆಖಾನೆಯಿಂದ ಒಂದು ಹಾಳೆ ತೆಗೆದ.

"ಓದಿ ಎಫೆಂದಿ. 'ಸ್ಥಳದಲ್ಲಿ ಪರೀಕ್ಷಿಸಿದಂತೆ, ಮಸೀದಿಯ ಬಲಗಡೆಯ ಸೂಚಕ ಕಂಬವು ಎರಡು ಬೆರಳುಗಳ ಬಲಕ್ಕೆ ಸರಾಗವಾಗಿ ತಿರುಗುತ್ತದೆ. ಆದ್ದರಿಂದ ಅಗೆತಕ್ಕೆ ಆಕ್ಷೇಪಣೆಯಿಲ್ಲ.' ಕೆಳಗಿರೋ ಹೆಸರು ನಿಮ್ಮ ಮನೆಯದೇ ಅಲ್ವಾ? ಅಣ್ಣ ಕಂಬ ಕೊರೀತಾನೆ, ತಮ್ಮ ಕಾಗದ ಬರೀತಾನೆ. ನಾನು ಬರೀ ಮಣ್ಣು ಅಗೆಯೋನಪ್ಪಾ, ನನ್ಮೇಲೆ ಯಾಕೆ ಸಿಟ್ಟು?"

ಹುರ್ಷಿತ್ ನನ್ನ ತೋಳು ಹಿಡಿದುಕೊಂಡು ಹೊರಗೆ ಕರೆತಂದ.

ಈಗ ನಾನು ಕೇಳುತ್ತೇನೆ, ನೀನು ಸಂಖ್ಯೆ ಮಾತ್ರ ಬರೆ. ಸ್ಥಳದಲ್ಲಿ ಪರೀಕ್ಷಿಸಿದಂತೆ ಎಂದಿದ್ದೀಯಲ್ಲ, ನೀನು ಸ್ಥಳಕ್ಕೆ ಬಂದದ್ದು ಯಾವ ತಾರೀಖು?

ಫೆಬ್ರವರಿಯಲ್ಲಿ ಒಂದು ವಾಕ್ಯ ಬರೆದಿದ್ದರೆ ಸಾಕಿತ್ತು: ಅಣ್ಣಾ, ಗೋಡೆಯ ಹಿಂದೆ ಅಗೆಯಲು ಅನುಮತಿ ಕೇಳಿದ್ದಾರೆ, ನನ್ನ ಸಹಿ ಬೇಕು. ಅಷ್ಟು ಬರೆದಿದ್ದರೆ ನಾನು ನಿಜ ಹೇಳುತ್ತಿದ್ದೆ, ಆಣೆಯಿಟ್ಟು ಹೇಳುತ್ತೇನೆ. ನೀನು ಕುತೂಹಲ ಎಂದು ಬರೆದೆ. ಮುದುಕನನ್ನು ಕೆಲಸದಿಂದ ತೆಗೆಯಲು ತಮ್ಮನ ಕೈಯಲ್ಲೇ ಪರೀಕ್ಷೆ ಮಾಡಿಸುತ್ತಿದ್ದಾರೆಂದು ಹೆದರಿದೆ. ಬಾಯಿಬಿಟ್ಟು ಕೇಳಿದೆ ಕೂಡ. ನೀನು ಮಂಡಿಗೆ ಬಿಸಿನೀರು ಎಂದು ಬರೆದೆ! ಸೆಪ್ಟೆಂಬರಿನಲ್ಲಿ ಆ ಕತ್ತೆ ಯಾರೆಂದು ಕೇಳಿದೆ. ಪ್ರಸ್ತುತವಲ್ಲ ಎಂದು ಬರೆದೆ!

ನಾನು ಸುಳ್ಳು ಹೇಳಿದ್ದು ಮಸೀದಿಯ ಬಾಗಿಲು ಮುಚ್ಚಬಾರದೆಂದು. ನೀನು ಸುಳ್ಳು ಬರೆದದ್ದು ಯಾತಕ್ಕೆ? ಬಸ್ ಹತ್ತಲು ಬೇಸರವೇ? ನನ್ನನ್ನು ಇಬ್ಬರು ಮುದುಕರ ಮುಂದೆ ನಿಲ್ಲಿಸಿದರಲ್ಲ ಆ ಹಾತೂನ್, ನಿನ್ನ ಮುಂದೆ ಯಾರನ್ನು ನಿಲ್ಲಿಸಬೇಕಿತ್ತು?

ಅಪ್ಪನ ಹೆಸರನ್ನು ಇನ್ನೊಮ್ಮೆ ನಿನ್ನ ಲೇಖನಿಯಿಂದ ಬರೆಯಬೇಡ.

ಬೆಹ್ಚೆತ್


ಅಂಕಾರಾ
೬ ನವೆಂಬರ್ ೧೯೬೫

ಅಣ್ಣನವರಿಗೆ,

ನಿಮ್ಮ ಪ್ರಶ್ನೆಗೆ ಉತ್ತರ: ಯಾವ ತಾರೀಖೂ ಇಲ್ಲ.

ಸ್ಥಳ ಪರಿಶೀಲನೆಗೆ ನಾಲ್ಕು ದಿನ ಮಂಜೂರಾಗಿತ್ತು. ಹೋಗಲಿಲ್ಲ. ಬಂದಿದ್ದರೆ ನಿಮ್ಮ ಮನೆಗೆ ಬರಬೇಕಾಗುತ್ತಿತ್ತು. ಆರು ವರ್ಷ ಯಾಕೆ ಬರಲಿಲ್ಲವೆಂದು ಅತ್ತಿಗೆ ಕೇಳುತ್ತಿದ್ದರು. ಒಂದು ಹಬ್ಬ ತಪ್ಪಿತು, ಅದಕ್ಕೆ ನಾಚಿ ಮುಂದಿನದು ತಪ್ಪಿತು. ಇದಕ್ಕಿಂತ ಘನವಾದ ಕಾರಣವನ್ನು ಹುಡುಕಿದೆ, ಸಿಗಲಿಲ್ಲ. ಇದನ್ನು ಕಚೇರಿಗೆ ಬರೆದಿಲ್ಲ, ನಿಮಗೆ ಬರೆದಿದ್ದೇನೆ.

ಮೊನ್ನೆ, ನಾಲ್ಕನೇ ತಾರೀಖು, ನನ್ನ ಅಭಿಪ್ರಾಯವನ್ನು ಲಿಖಿತವಾಗಿ ಹಿಂತೆಗೆದುಕೊಂಡೆ. ಸ್ಥಳಕ್ಕೆ ಹೋಗದೆಯೇ ಸಹಿ ಮಾಡಿದ್ದೇನೆಂದು ಬರೆದೆ. ಆ ಮಧ್ಯಾಹ್ನವೇ ನನ್ನನ್ನು ಅಮಾನತುಗೊಳಿಸಿದರು. ಸಹಿ ಮಾಡುವ ಅಧಿಕಾರ ಈಗ ನನಗಿಲ್ಲ. ಅದು ನ್ಯಾಯವಾಗಿದೆ. ಆದರೆ ಅಗೆತ ನಿಲ್ಲಿಸುವ ಆದೇಶ ಹೊರಡಲಿಲ್ಲ. ಕಂಬವನ್ನು ಕೊರೆಯಲಾಗಿದೆ ಎಂಬುದಕ್ಕೆ ಪುರಾವೆಯೇನೆಂದು ಕೇಳಿದರು. ನಿಮ್ಮ ಹೆಸರು ಹೇಳಲಿಲ್ಲ. ಹಾಗಾದರೆ ಜನವರಿಯಲ್ಲಿ ಸಮಿತಿಯೊಂದು ಬಂದು ನೋಡುತ್ತದೆ ಎಂದರು.

ಅಗೆತ ಈಗ ನಾಲ್ಕು ಮೀಟರ್ ಆಳದಲ್ಲಿರಬೇಕು. ಐದನೇ ಮೀಟರಿನಲ್ಲಿ ಒದ್ದೆ ಜೇಡಿಮಣ್ಣು ಸಿಗುತ್ತದೆ. ಆ ಪದರ ಹೊಂಡದ ಕಡೆ ಜಾರಲು ಶುರುವಾದರೆ ಮೂಲೆ ಜನವರಿಯವರೆಗೆ ಕಾಯುವುದಿಲ್ಲ.

ಅಪ್ಪನ ಬಗ್ಗೆ ಬರೆದದ್ದು ತಪ್ಪು. ಉಳಿದದ್ದನ್ನು ಹಿಂತೆಗೆದುಕೊಳ್ಳುವುದಿಲ್ಲ.

ನುಸ್ರತ್


ದೆರೆಬಾಶಿ
೧೩ ನವೆಂಬರ್ ೧೯೬೫

ನುಸ್ರತ್,

ನನ್ನ ಹೆಸರು ಬರೆ. ದೊಡ್ಡದಾಗಿ ಬರೆ. ನನ್ನ ಹೇಳಿಕೆಯನ್ನೂ, ಹುರ್ಷಿತನ ಹೆಬ್ಬೆಟ್ಟು ಒತ್ತಿದ ಹೇಳಿಕೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ನನ್ನನ್ನು ಮರೆಮಾಡಿ ದೊಡ್ಡಮನುಷ್ಯನಾಗಲು ಹೋಗಬೇಡ. ನಿನ್ನ ದಯೆಯಿಂದ ನನಗೆ ಇನ್ನೂ ಸಿಟ್ಟು ಬರುತ್ತದೆ.

ನಿನ್ನೆ ಜುಮ್ಮಾಕ್ಕೆ ಮುನ್ನ ಎದ್ದು ನಿಂತೆ. ಪತ್ರದಲ್ಲಿರುವ ಹಾಗೆಯೇ, ಜಮಾತಿನೆದುರು, ಗಟ್ಟಿಯಾಗಿ ಹೇಳಿದೆ. "ಬಲಗಡೆಯ ಕಂಬ ಮೂರು ವರ್ಷದ ಹಿಂದೆಯೇ ನಿಂತುಹೋಗಿದೆ. ನಾನು ಕೊರೆಸಿ ತಿರುಗಿಸಿದೆ. ನಿಮಗೆಲ್ಲಾ ಸುಳ್ಳು ಹೇಳಿದೆ."

ಆಮೇಲೆ ಹಿಂದಿನ ಸಾಲಿನಿಂದ, "ಮೂರು ವರ್ಷ ನಮ್ಮ ತಲೆ ಮೇಲೆ ಈ ಗುಮ್ಮಟ ಹೊರಿಸಿ ಕೂರಿಸಿದ್ಯಲ್ಲೋ ಮುದುಕಾ!" ಎಂದು ಒಬ್ಬ ಕೂಗಿದ. "ನನ್ನ ಮಗಳ ಮದ್ವೇಲಿ ಅದೇ ಕಂಬ ತಿರುಗಿಸಿ ಹರಸಿದ್ಯಲ್ಲಾ, ಥೂ ನಿನ್ನ!" ಎಂದ ಇನ್ನೊಬ್ಬ. ಒಂದು ಚಪ್ಪಲಿ ಹಾರಿಬಂದು ಭುಜಕ್ಕೆ ತಗುಲಿತು. ಎಡಗಾಲಿನದು, ನಲವತ್ತೆರಡರ ಅಳತೆ. ನಿನಗೆ ಅಳತೆ ಬೇಕಾಗುತ್ತದಲ್ಲ.

ಇಮಾಮ್ ಸಾಹೇಬರು ಎಲ್ಲರನ್ನೂ ಹೊರಗೆ ಕಳುಹಿಸಿದರು. ಅಂಗಳ ಸಾಲಲಿಲ್ಲ, ಬೀದಿಯಲ್ಲಿ ಸಂತೆ. ನನ್ನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ, ಅದನ್ನು ಹೊತ್ತುಕೊಂಡೇ ಇನ್ನೂರು ಜನ ಗೋಡೆ ಸುತ್ತಿ ಹೋಗಿ ಹೊಂಡಕ್ಕೆ ಇಳಿದರು. ಯಾರು ಮೊದಲು ಇಳಿದರೋ ಗೊತ್ತಿಲ್ಲ. ಯಂತ್ರದ ಮುಂದೆಯೇ ಚಾಪೆ ಹಾಸಿದರು. ಫೆರ್ರುಹ್ ಓಡಿಬಂದ.

"ಏಯ್, ಇದು ಖಾಸಗಿ ಜಾಗ! ಏಳ್ರಿ ಮೇಲೆ!"

"ನಮಾಜು ಮುಗೀಲಿ, ಏಳ್ತೀವಿ" ಎಂದ ಗಾಜಿನ ಅಂಗಡಿಯವನು.

"ಯಾವಾಗ ಮುಗಿಯುತ್ತೆ?"

"ಮಧ್ಯಾಹ್ನದ್ದು ಮುಗೀತಿದ್ದ ಹಾಗೇ ಸಾಯಂಕಾಲದ್ದು. ಅದು ಮುಗಿದ್ರೆ ಮಗ್ರಿಬ್. ನೀವೂ ಬನ್ನಿ, ಜಾಗ ಬೇಕಾದಷ್ಟಿದೆ, ನೀವೇ ಅಗೆದಿದ್ದು."

ಯಂತ್ರ ನಿಂತಿದೆ. ಇವತ್ತೂ ಸರದಿಯ ಮೇಲೆ ಹೊಂಡದಲ್ಲಿ ಕೂತಿದ್ದಾರೆ. ನಾಜಿರೆ ಮತ್ತು ಬೀದಿಯ ಹೆಂಗಸರು ಬೇಳೆ ಸಾರು ಇಳಿಸುತ್ತಿದ್ದಾರೆ. ನನಗೆ ಮಾತ್ರ ಯಾರೂ ಬಟ್ಟಲು ಕೊಡುವುದಿಲ್ಲ, ನನ್ನ ಹೆಂಡತಿಯೂ. ನನ್ನ ಕೆಲಸ ಹೋಯಿತು. ಬೆಳಿಗ್ಗೆ ಬೀಗದ ಕೈಗೊಂಚಲು ತೆಗೆದುಕೊಂಡರು. ಬಾಂಗ್ ಬೇರೆಯವನು ಕೊಡುತ್ತಾನೆ, ಧ್ವನಿ ಚೆನ್ನಾಗಿಲ್ಲ.

ಹೊಂಡದ ತಳದಲ್ಲಿ, ನಮ್ಮ ಮೂಲೆಯ ಕಡೆ, ನೀರು ಒಸರುತ್ತಿದೆ. ಚಾಪೆ ನೆನೆದವು.

ಬೆಹ್ಚೆತ್


ಅಂಕಾರಾ
೧೮ ನವೆಂಬರ್ ೧೯೬೫

ಅಣ್ಣಾ,

ಇದನ್ನು ಅಂಚೆಗೆ ಹಾಕದೆ ನಾಳೆ ಬೆಳಗಿನ ಬಸ್ಸಿನ ಚಾಲಕನ ಕೈಗೆ ಕೊಡುತ್ತಿದ್ದೇನೆ. ಕೈಗೆ ಬಂದ ಕೂಡಲೇ ಓದಿ, ಓದಿದ ಕೂಡಲೇ ಹೋಗಿ.

ಎಲ್ಲರನ್ನೂ ಹೊಂಡದಿಂದ ಮೇಲೆ ಹತ್ತಿಸಿ. ಇನ್ನೊಂದು ನಮಾಜೂ ಅಲ್ಲಿ ಆಗಕೂಡದು. ನೀರು ಒಸರುತ್ತಿದೆ ಎಂದು ಪತ್ರದ ಕೊನೆಯ ಸಾಲಿನಲ್ಲಿ, ಚಾಪೆಯ ಚಿಂತೆಯಲ್ಲಿ ಬರೆಯುತ್ತೀರಲ್ಲ! ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಿತ್ತು. ಐದನೇ ಮೀಟರಿನ ಜೇಡಿ ಅದೇ. ಆ ಬದಿ ಯಾವ ಗಳಿಗೆಯಲ್ಲಾದರೂ ಜಾರಬಹುದು, ಅದರ ಕೆಳಗೆ ನೀವು ಊರನ್ನೇ ಕೂರಿಸಿದ್ದೀರಿ. ಯಂತ್ರ ನಿಲ್ಲಿಸಲು ದಡದ ಮೇಲೆ ಕೂತರೂ ಸಾಕು.

ಹೊಂಡಕ್ಕೆ ಮಣ್ಣು ತುಂಬಬೇಕು. ಒಟ್ಟಿಗೆ ಸುರಿಯಬೇಡಿ. ಮಸೀದಿಯ ಮೂಲೆಯ ಕಡೆಯಿಂದ ಶುರುಮಾಡಿ, ಗೋಡೆಯುದ್ದಕ್ಕೂ ಮೂರು ಮೀಟರ್ ಅಗಲಕ್ಕೆ. ಜೇಡಿಯ ಮೇಲೆ ಮೊದಲು ಒಡೆದ ಕಲ್ಲು, ಅದರ ಮೇಲೆ ಒಂದು ಗೇಣಿನಷ್ಟು ಮಣ್ಣು, ನೀರು ಚಿಮುಕಿಸಿ ದಿಮ್ಮಸಿನಿಂದ ಬಡಿಯಿರಿ. ಆಮೇಲೆ ಮುಂದಿನ ಪದರ. ಒಂದು ಹೊತ್ತಿಗೆ ಹತ್ತು ಜನರಿಗಿಂತ ಹೆಚ್ಚು ಕೆಳಗಿರಬಾರದು. ಒಬ್ಬ ಮೇಲೆ ನಿಂತು ಬದಿಯನ್ನೇ ನೋಡುತ್ತಿರಬೇಕು. ಅದು ಹುರ್ಷಿತ್ ಮೇಸ್ತ್ರಿಯೇ ಆಗಲಿ, ಅವನಿಗೆ ಕಲ್ಲಿನ ಸದ್ದು ಗೊತ್ತು. ನಕ್ಷೆ ಜೊತೆಗಿದೆ. ಫೆರ್ರುಹ್ ಬೇ ಯಾರ ಅನುಮತಿ ಎಂದು ಕೇಳಿದರೆ ನಕ್ಷೆಯ ಕೆಳಗೆ ನನ್ನ ಹೆಸರಿದೆ. ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಅವನು ಹೇಳಿದರೆ, ಹೌದು ಎನ್ನಿ, ತುಂಬುವುದನ್ನು ನಿಲ್ಲಿಸಬೇಡಿ.

ಎರಡೂ ಹೇಳಿಕೆಗಳನ್ನು ಇಂದು ಕಚೇರಿಗೆ ಕೊಟ್ಟೆ. ನಿಮ್ಮ ಹೆಸರು ದೊಡ್ಡದಾಗಿಯೇ ಇದೆ. ಆದೇಶ ಹೊರಡಬಹುದು, ತಡವಾಗಬಹುದು. ಶನಿವಾರ ಬೆಳಿಗ್ಗೆ ನನ್ನ ವಿಚಾರಣೆ. ಅದು ಮುಗಿದ ಕೂಡಲೇ ಬಸ್ ಹತ್ತುತ್ತೇನೆ, ಭಾನುವಾರ ಮಧ್ಯಾಹ್ನ ದೆರೆಬಾಶಿಯಲ್ಲಿರುತ್ತೇನೆ. ನಿಲ್ದಾಣಕ್ಕೆ ಬರಬೇಡಿ. ನಿಮ್ಮ ಮೇಲಿನ ಸಿಟ್ಟು ಇಳಿದಿಲ್ಲ, ನಿಮ್ಮದೂ ಇಳಿದಿರಲಾರದು. ಅದನ್ನು ಹೊಂಡ ತುಂಬಿದ ಮೇಲೆ ನೋಡೋಣ.

ನಾನು ಬರುವಷ್ಟರಲ್ಲಿ ಎರಡು ಪದರ ಮುಗಿದಿರಬೇಕು.

ನುಸ್ರತ್